ಮಿರಗಕ್ಕಿಂತ ಮೊದಲ

ಮಾತಾಡುವವರು ಇಬ್ಬರು. ಒಬ್ಬಳು ಬೆಳಗಾವಿಯ ಉದ್ಯಮಬಾಗದಲ್ಲಿ ತಂದೆ ಕಟ್ಟಿದ ಸಣ್ಣ ಮಷೀನ್ ಶಾಪ್ ನಡೆಸುತ್ತಾಳೆ. ಇನ್ನೊಬ್ಬರು ಆ ತಂದೆಯ ಗೆಳೆಯರು. ಖಾನಾಪುರ ತಾಲೂಕಿನ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಸೆಕ್ರೆಟರಿಯಾಗಿದ್ದು ನಿವೃತ್ತರಾದವರು.

— ಕಾಕಾ, ಪುಣೆದ ಗಿರಾಕಿ ಕಂಪನಿಯವರು ಒಂದು ಫಾರ್ಮ್ ಕಳಿಸ್ಯಾರ. ನೆರಿ ಬಂದ್ರ, ಬೆಂಕಿ ಬಿದ್ರ, ಕರೆಂಟ್ ಹೋದ್ರ ನಿಮ್ಮ ಕೆಲಸ ಹೆಂಗ ನಡಸ್ತೀರಿ ಅಂತ ಬರದು ಕೊಡಬೇಕಂತ. ಮ್ಯಾಲ ಐಎಸ್‌ಒ 22301 ಅಂತ ಹಾಕ್ಯಾರ. ಗೆಳತಿಯೊಬ್ಬಾಕಿ ಕಡೆ ಅವರ ಫ್ಯಾಕ್ಟರಿದು ತಯಾರ ಐತಿ. ಹೆಸರು ಬದಲಿ ಮಾಡಿ ಕಳಿಸಿಬಿಡ್ಲೇನ್ರಿ?

— ಆ ಫ್ಯಾಕ್ಟರಿ ಎಲ್ಲೈತಿ?

— ಚೆನ್ನೈದಾಗ.

— ಅಲ್ಲಿ ಬರೋದು ಚಂಡಮಾರುತ, ಇಲ್ಲಿ ಬರೋದು ಘಟ್ಟದ ಮಳಿ. ಆ ಕಾಗದದಾಗ ವೇದಗಂಗಾ ಅನ್ನೋ ಹೆಸರು ಇರ್ತೈತೇನವಾ? ಚೋರ್ಲಾ ಘಾಟ್ ಇರ್ತೈತೇನು? ಆ ಐಎಸ್‌ಒ ಮಾನದಂಡ 2012ರಾಗ ಮೊದಲು ಬಂತು, 2019ರಾಗ ತಿದ್ದಿದ್ರು. ಯಾವ ದೇಶದ ಯಾವ ಸಂಸ್ಥೆಗಾದ್ರೂ ಹೊಂದ್ಲಿ ಅಂತ ಬರದದ್ದು. ಅದರೊಳಗ ನಮ್ಮ ಊರು, ನಮ್ಮ ಹೊಳಿ, ನಮ್ಮ ರಸ್ತೆ ತುಂಬೋ ಕೆಲಸ ನಮ್ಮದು. ಅದನ್ನ ಬಿಟ್ಟು ಕಳಿಸಿದ್ರ ಪುಣೆದವರಿಗೆ ಒಂದು ಫೈಲ್ ಸಿಕ್ಕಂಗಾತು, ನಿನಗ ಏನೂ ಸಿಗಲಿಲ್ಲ. ಅದು ಇರ್ಲಿ, 2019ರ ಆಗಸ್ಟ್‌ದ ನೆರಿಯೊಳಗ ನಿಮ್ಮ ಶಾಪಿಗೆ ನೀರು ಹೊಕ್ಕಿತ್ತೇನು?

— ಇಲ್ರೀ. ನಮ್ಮ ಲೈನ್‌ದಾಗ ಯಾರಿಗೂ ಹೊಕ್ಕಿರಲಿಲ್ಲ. ಮಷೀನ್ ಎಲ್ಲಾ ಓಡ್ತಿದ್ವು.

— ಮತ್ತ ಲುಕ್ಸಾನ ಯಾಕಾತು?

— ಹೈವೇ ಬಂದ್ ಆತಲ್ರೀ. ನಿಪ್ಪಾಣಿ ಹತ್ರ ಯಮಗರ್ಣಿಯೊಳಗ ವೇದಗಂಗಾ ರಸ್ತೆ ಮ್ಯಾಲ ಬಂತು, ಅಲ್ಲಿಂದ ಮುಂದ ಕೊಲ್ಹಾಪುರದ ಹತ್ರ ಪಂಚಗಂಗಾ. ಮಾಲು ತಯಾರ, ಬಿಲ್ ತಯಾರ, ಪೆಟ್ಟಿಗಿಗೆ ಪಟ್ಟಿ ಸಹಿತ ಬಿಗದಾಗಿತ್ತು. ಲಾರಿ ಹೋಗಿ ಸಾಲಿನಾಗ ನಿಂತಿದ್ದು ಒಂದು ವಾರ ಅಲ್ಲೇ ಇತ್ತು. ಗಿರಾಕಿ ಲೈನ್ ನಿಂತು, ಆ ದಂಡ ನಮ್ಮ ಬಿಲ್‌ನಾಗ ಮುರಕೊಂಡ್ರು.

— 2021ರ ಜುಲೈದಾಗ ಮತ್ತ ಅದೇ ಯಮಗರ್ಣಿ, ಅದೇ ಕೊಲ್ಹಾಪುರ. ಅವಾಗ ನಿಮ್ಮಪ್ಪ ಏನ್ ಮಾಡಿದ್ದ, ನೆನಪೈತೇನು?

— ಗೋವಾ ಮ್ಯಾಲಿಂದ ಕಳಸೂಣು, ಅಲ್ಲಿಂದ ಕೊಂಕಣದ ಹೈವೇ ಹಿಡದು ಹೋಗ್ಲಿ ಅಂದ್ರು.

— ಅದೇ ವಾರ ಚಿಪಳೂಣ ಮುಳುಗಿತ್ತು, ಜುಲೈ 22ಕ್ಕ. ಮರುದಿನ ದೂಧಸಾಗರ–ಸೋನಾಲಿಂ ನಡುವ ಗುಡ್ಡ ಜರದು ರೈಲು ಹಳಿ ತಪ್ಪಿತು. ಲೋಂಡಾದಿಂದ ಕೆಳಗ ಇಳಿಯೋ ಹಳಿನೂ ಹೋತು. ಚೋರ್ಲಾ, ಅನಮೋಡ ಘಾಟ್‌ಗಳಾಗ ಮಳಿಗಾಲ ಪೂರಾ ಮಣ್ಣು ಕುಸೀತಿರ್ತೈತಿ. ಎರಡನೇ ಹಾದಿ, ಮೂರನೇ ಹಾದಿ ಅಂತ ಹೆಸರಿಟ್ಟುಕೊಂಡಿದ್ವಿ, ಖರೇ. ಎಲ್ಲಾ ಒಂದೇ ಮೋಡದ ಕೆಳಗಿದ್ವು. ನಾನು ಹೇಳೂದು ಇಷ್ಟ: ಬದಲಿ ವ್ಯವಸ್ಥೆ ಬರಿಯೂ ಮುಂದ, ಮೊದಲನೇದನ್ನ ಕೆಡಸಿದ್ದೇ ಇದನ್ನೂ ಕೆಡಸ್ತೈತೇನು ಅಂತ ಕೇಳಬೇಕು.

— ಹಂಗಾದ್ರ ಪೂರ್ವದ ಕಡೆ ಹೋಗಬೇಕು. ವಿಜಯಪುರ, ಸೊಲ್ಲಾಪುರ, ಪುಣೆ. ಡೀಸೆಲ್ ಮ್ಯಾಲ ಡೀಸೆಲ್.

— ಅದೂ ಐತಿ, ಆದ್ರ ಕೃಷ್ಣಾ, ಭೀಮಾ ಎರಡೂ ದಾಟಬೇಕು. ಅದಕ್ಕಿಂತ ಸರಳ, ಮಾಲು ಮೊದಲ ಆಚೆ ಕಡೆ ಇರಬೇಕು. ಮೇ ಕಡೀಕ ಪುಣೆದಾಗ ಒಂದು ಸಣ್ಣ ಗೋಡೌನ್ ಮೂಲಿ ಹಿಡಿ. ಮಿರಗದ ಮಳಿ ಕೂಡೂಕಿಂತ ಮೊದಲ ಅಲ್ಲಿ ಎರಡು ವಾರದ ಮಾಲು ಇಟ್ಟುಬಿಡು.

— ಬಾಡಿಗಿ ಯಾರು ಕೊಡ್ತಾರ? ಮಾಲಿನ ಮ್ಯಾಲ ಕೂತ ರೊಕ್ಕದ ಬಡ್ಡಿ?

— ಎಲ್ಲಾ ಮಾಲು ಇಡಬ್ಯಾಡ. ನೀವು ಮಾಡೋ ಬಿಡಿಭಾಗಗಳಾಗ ಯಾವುದು ನಿಂತ್ರ ಗಿರಾಕಿ ಲೈನ್ ಅದೇ ದಿನ ನಿಲ್ತೈತಿ?

— ಆ ಪಂಪಿನ ಬಾಡಿ. ಅದೊಂದ ನಾವ್ ಬಿಟ್ರ ಬ್ಯಾರೆ ಯಾರೂ ಮಾಡೂದಿಲ್ಲ. ಉಳಿದದ್ದು ಇನ್ನಿಬ್ಬರ ಕಡೆನೂ ಸಿಗ್ತೈತಿ.

— ಅಂದ್ರ ಅದೊಂದನ್ನ ಇಡು. ಹಿಂದಿನ ದಂಡದ ಚೀಟಿ ಒಂದ ಕಡೆ, ಮೂರು ತಿಂಗಳ ಬಾಡಿಗಿ ಇನ್ನೊಂದು ಕಡೆ ಇಟ್ಟು ನೋಡು. ಫಾರ್ಮ್‌ನಾಗ ಅವರು ಕೇಳೋದು ಇದನ್ನೇ: ಯಾವ ಕೆಲಸ, ಎಷ್ಟು ತಾಸು ನಿಂತ್ರ ತಡಕೊಬಹುದು. ಎಲ್ಲಾ ಕೆಲಸನೂ ಮುಖ್ಯ ಅಂತ ಬರದ್ರ ಏನೂ ಬರದಂಗ ಆಗಲಿಲ್ಲ.

— ಇಷ್ಟೆಲ್ಲಾ ನಿಮಗ ಎಲ್ಲಿ ಗೊತ್ತಾತು? ಸಂಘದಾಗ ಈ ಮಾನದಂಡ ಇತ್ತೇನ್ರಿ?

— ಮಾನದಂಡ ಎಲ್ಲೀದು! ಖಾನಾಪುರದಾಗ ಮಳಿ ಇತ್ತು. ಕಣಕುಂಬಿಯಾಗ ಮಲಪ್ರಭಾ ಹುಟ್ಟತಾಳ. ಅದರ ಕಡೆ ಇರೋ ಆಮಗಾಂವದಾಗ 2010ರಾಗ 10,000 ಮಿ.ಮೀ. ದಾಟಿ ಮಳಿ ಬಿದ್ದಿತ್ತು. ಅಂಥ ಊರಾಗ ಜನ ಅಕ್ಕಿ, ಕಟ್ಟಿಗಿ, ಔಷಧ ಎಲ್ಲಾ ಮೇ ತಿಂಗಳದಾಗ ಮನಿ ಸೇರಸ್ತಾರ. ಆದ್ರ ಆಮಗಾಂವನ್ನ ಹೊಗಳಿ ನಾನು ಸುಮ್ಮನಾಗಾವ ಅಲ್ಲ. 2024ರ ಜುಲೈದಾಗ ಆ ಊರಿನ ಆಜಾರಿ ಹೆಣ್ಣಮಗಳನ್ನ ಕಾಡಿನ್ಯಾಗ, ಸುರಿಯೂ ಮಳಿಯೊಳಗ ಹೆಗಲ ಮ್ಯಾಲ ಹೊತ್ತು ಆಂಬುಲೆನ್ಸ್ ನಿಂತಲ್ಲಿತನಕ ತಂದ್ರು. ಮನಿಯವರ ತಯಾರಿ ಎಷ್ಟಿದ್ರೂ ರಸ್ತೆ ಇಲ್ಲದ್ದಕ್ಕ ಅದು ಉತ್ತರ ಆಗೂದಿಲ್ಲ. ಸರ್ಕಾರ ಮಾಡಬೇಕಾದ್ದನ್ನ ಜನರ ಧೈರ್ಯದ ಮ್ಯಾಲ ಹಾಕಬಾರದು. ನನಗ ಅದು ಇವತ್ತಿಗೂ ಸಂಕಟ ಆಗ್ತೈತಿ.

— ಖರೇ ಅದ. ಆದ್ರ ಸಂಘದ ಸುದ್ದಿ ಹೇಳ್ರಿ.

— ಹೇಳ್ತೀನಿ. ಮಳಿಗಾಲದಾಗ ಗಿಡ ಬಿದ್ದು ಕರೆಂಟ್ ಹೋತಂದ್ರ ನಮ್ಮ ಕಡೆ ಹಳ್ಳಿಗಳಾಗ ಎರಡು ದಿನ, ಮೂರು ದಿನ ಬರೂದಿಲ್ಲ. ಇನ್ವರ್ಟರ್ ಮಧ್ಯಾಹ್ನಕ್ಕ ಖಾಲಿ. ಕಂಪ್ಯೂಟರ್ ಬಂದ್ ಇದ್ರೂ ಸದಸ್ಯ ಬಾಗಿಲಿಗೆ ಬಂದು ನಿಲ್ತಾನ, ಅಂವಗ ದವಾಖಾನಿಗೆ ರೊಕ್ಕ ಬೇಕು. ಅದಕ್ಕ ಪ್ರತಿ ಶನಿವಾರ ಸಂಜಿ ಎಲ್ಲಾ ಖಾತೆಯ ಬಾಕಿ ಪಟ್ಟಿ ಛಾಪಿಸ್ತಿದ್ವಿ. ಒಂದು ಪ್ರತಿ ತಿಜೋರಿಯೊಳಗ, ಇನ್ನೊಂದು ಎತ್ತರದ ಮ್ಯಾಲಿರೋ ಬ್ಯಾರೆ ಊರಿನ ಶಾಖೆಯೊಳಗ. ಕರೆಂಟ್ ಇಲ್ಲದ ದಿನ ಆ ಪಟ್ಟಿ ನೋಡಿ ರೊಕ್ಕ ಕೊಡೂದು.

— ಶನಿವಾರದ ಪಟ್ಟಿ, ಸೋಮವಾರ ಅಂವ ಆಗಲೇ ತಗೊಂಡು ಹೋಗಿದ್ರ?

— ಅದಕ್ಕ ಮಿತಿ ಇತ್ತು. ಒಬ್ಬರಿಗೆ ಇಷ್ಟೇ ಅಂತ ಆಡಳಿತ ಮಂಡಳಿ ಠರಾವು ಮಾಡಿತ್ತು. ತನ್ನ ಖಾತೆ ಇರೋ ಶಾಖೆಯೊಳಗ ಮಾತ್ರ ಕೊಡೂದು, ಪಾಸ್‌ಬುಕ್ಕಿನ್ಯಾಗ ಕೈಲೆ ಬರದು ಇಬ್ಬರ ಸಹಿ. ಬಂಗಾರದ ಮ್ಯಾಲಿನ ಸಾಲ ಅವತ್ತು ಕೊಡೂದೂ ಇಲ್ಲ, ಬಂಗಾರ ಬಿಡೂದೂ ಇಲ್ಲ. ಪಿಗ್ಮಿ ಏಜಂಟ್ ತಂದ ರೊಕ್ಕ ರಸೀದಿ ಪುಸ್ತಕದಾಗ ಬರಕೊಂಡು ಶಿಲ್ಕಿನೊಳಗ ಬ್ಯಾರೆ ಲಕೋಟೆ. ಕರೆಂಟ್ ಬಂದ ಕೂಡಲೆ ಚೀಟಿ ಎಲ್ಲಾ ಕಂಪ್ಯೂಟರಿಗೆ ಏರಸೂದು, ಏರಿಸಿದ ಚೀಟಿಗೆ ಕೆಂಪು ಗೆರಿ. ಒಂದು ವಾರದ ಲೆಕ್ಕ ಹೋದ್ರ ಮತ್ತ ಕೂಡಿಸಿಕೊಬಹುದು, ಒಂದು ತಿಂಗಳದ್ದು ಹೋದ್ರ ಆಗೂದಿಲ್ಲ. ಅದಕ್ಕ ಶನಿವಾರ ಅಂತ ಇಟ್ಟಿದ್ವಿ. ನಿನ್ನ ಫಾರ್ಮ್‌ನಾಗ ಇದಕ್ಕೂ ಒಂದು ಖಾನೆ ಇರಬೇಕು ನೋಡು.

— ಐತಿ. ಎಷ್ಟು ಹೊತ್ತಿನ ಡೇಟಾ ಕಳಕೊಂಡ್ರ ನಡೀತೈತಿ ಅಂತ. ನಾವು ಪೆನ್‌ಡ್ರೈವ್‌ನಾಗ ಬ್ಯಾಕಪ್ ತಗೀತೀವಿ.

— ಆ ಪೆನ್‌ಡ್ರೈವ್ ಎಲ್ಲಿರ್ತೈತಿ?

— ಅದೇ ಕಂಪ್ಯೂಟರಿನ ಡ್ರಾವರ್‌ದಾಗ.

— ಆಫೀಸಿಗೆ ಬೆಂಕಿ ಹತ್ತಿದ್ರ ಕಂಪ್ಯೂಟರ್, ಬ್ಯಾಕಪ್ ಎರಡೂ ಕೂಡೇ ಹೋದ್ವು. ಮನಿಗೆ ಒಂದು ಒಯ್ಯಿ. ಮತ್ತ ತಿಂಗಳಿಗೊಮ್ಮೆ ಬ್ಯಾರೆ ಕಂಪ್ಯೂಟರಿಗೆ ಹಾಕಿ ಅದು ತೆರೀತೈತೇನು ನೋಡು. ತೆರಿಯದ ಬ್ಯಾಕಪ್ ಇಟ್ಟುಕೊಂಡು ವರ್ಷಗಟ್ಟಲೆ ನಿಶ್ಚಿಂತಿಯಿಂದ ಇದ್ದವರನ್ನ ನಾನು ನೋಡೀನಿ.

— ಖಾನಾಪುರದಾಗ ಹಂಚು, ಇಟ್ಟಂಗಿ ಮಾಡೋರು ಹೆಂಗ ಮಾಡ್ತಾರ್ರಿ? ಅವರದು ಪೂರಾ ಮಣ್ಣಿನ ಕೆಲಸ.

— ಮಣ್ಣು ಚಲೋ ಅಂತಲೇ ಅಲ್ಲಿ ಹಂಚಿನ ಕಾರ್ಖಾನೆ ಬಂದ್ವು, ಖಾದಿ ಗ್ರಾಮೋದ್ಯೋಗದವರ ಕೇಂದ್ರೀಯ ಕುಂಬಾರಿಕೆ ಸಂಸ್ಥೆ ಬಂತು. ಹಸಿ ಇಟ್ಟಂಗಿ ಮ್ಯಾಲ ಒಂದು ಮಳಿ ಬಿದ್ರ ಮತ್ತ ಮಣ್ಣು. ಅದಕ್ಕ ಭಟ್ಟಿಯವರು ಕ್ಯಾಲೆಂಡರ್ ನೋಡಿ ಕೂಡೂದಿಲ್ಲ, ಆಕಾಶ ನೋಡ್ತಾರ. ಬ್ಯಾಸಗಿ ಮಳಿ ಬರೂ ಸೂಚನಾ ಕಂಡ್ರ ಅವತ್ತಿನ ಹೊಸಾ ಇಟ್ಟಂಗಿ ಹಾಕೋದು ಬಿಟ್ಟು ಎಲ್ಲಾ ಆಳೂ ತಾಡಪತ್ರಿ ಹಿಡೀತಾರ. ಯಾರೂ ಮಾಲಕನ ಫೋನಿಗೆ ಕಾಯೂದಿಲ್ಲ. ನಿಮ್ಮಲ್ಲಿ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ರ ಏನಾಗ್ತೈತಿ?

— ವಾಟ್ಸ್ಆ್ಯಪ್‌ನಾಗ ಓದ್ತೀವಿ.

— ಅಲ್ಲೇ ನಿಲ್ತೈತಿ. ರೆಡ್ ಅಲರ್ಟ್ ಬಂತಂದ್ರ ಇಂಥಾಂವ ಲಾರಿ ಒಂದು ದಿನ ಮೊದಲ ಬಿಡ್ತಾನ, ಇಂಥಾಂವ ಡೀಸೆಲ್ ತುಂಬಿಸ್ತಾನ, ದೂರದ ಹಳ್ಳಿ ಕಾರ್ಮಿಕರನ್ನ ಎರಡನೇ ಪಾಳಿಗೆ ಕರಿಯೂದಿಲ್ಲ ಅಂತ ಮೊದಲ ಬರದಿರಬೇಕು. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ 1988ರಾಗ ಬರ ನೋಡಲಿಕ್ಕೆ ಅಂತ ಶುರು ಆದದ್ದು, ಈಗ ಅವರ ಮಳಿಮಾಪಕ ಗ್ರಾಮ ಪಂಚಾಯಿತಿ ಮಟ್ಟದಾಗ ಅದಾವ, ವರುಣಮಿತ್ರ ಅಂತ ಸಹಾಯವಾಣಿ ಐತಿ. 2005ರ ಕಾನೂನಿನ ಪ್ರಕಾರ ಡಿಸಿ ಸಾಹೇಬರ ಅಧ್ಯಕ್ಷತೆಯೊಳಗ ಜಿಲ್ಲಾ ಪ್ರಾಧಿಕಾರ ಐತಿ. ಸುದ್ದಿಗೆ ಕೊರತಿ ಇಲ್ಲ. ಸುದ್ದಿ ಬಂದ ಮ್ಯಾಲ ಯಾರ ಕೈ ಏಳಬೇಕು ಅನ್ನೋದು ಗೊತ್ತಿಲ್ಲ.

— ನಮ್ಮ ಎರಕದ ಮಾಲು ಬರೋ ಫೌಂಡ್ರಿಯವರು ಮೊನ್ನೆ ಅದೇ ಹೇಳ್ತಿದ್ರು. ರಾತ್ರಿ ಪಾಳಿಯೊಳಗ ಕರೆಂಟ್ ಹೋದ್ರ ಜೀವ ಬಾಯಿಗೆ ಬರ್ತೈತಂತ.

— ಯಾಕಂತ ನಿನಗ ಗೊತ್ತೈತೇನು?

— ಇಂಡಕ್ಷನ್ ಫರ್ನೇಸ್‌ನ ಸುತ್ತ ತಾಮ್ರದ ಕಾಯಿಲ್ ಇರ್ತೈತಿ, ಅದರೊಳಗ ನೀರು ಹರೀತಿರ್ತೈತಿ. ಕರೆಂಟ್ ಹೋದ್ರ ಪಂಪ್ ನಿಲ್ತೈತಿ. ಆದ್ರ ಒಳಗಿನ ಬೀಡು ಇನ್ನೂ ಕುದೀತಿರ್ತೈತಿ, ಲೈನಿಂಗ್ ಕೆಂಪಗ ಇರ್ತೈತಿ. ನೀರು ನಿಂತ್ರ ಕಾಯಿಲ್ ಸುಡ್ತೈತಿ. ಕಾಯಿಲ್ ತೂತ ಬಿದ್ದು ನೀರು ಕರಗಿದ ಬೀಡಿಗೆ ಮುಟ್ಟಿದ್ರ ಸ್ಫೋಟ. ಅದಕ್ಕ ಎತ್ತರದ ಮ್ಯಾಲ ಒಂದು ಟಾಕಿ ಇಟ್ಟಿರ್ತಾರ. ವಾಲ್ವ್ ತಿರುವಿದ್ರ ನೀರು ತಾನ ಇಳೀತೈತಿ, ಪಂಪ್ ಬೇಕಾಗಿಲ್ಲ.

— ವಾಲ್ವ್ ಯಾರು ತಿರುವ್ತಾರ?

— ಮೇಸ್ತ್ರಿ. ಅವನ ಹೊರತು ಬ್ಯಾರೆಯವರಿಗೆ ಯಾವ ವಾಲ್ವ್ ಅಂತ ತಿಳಿಯೂದಿಲ್ಲಂತ. ಅಲ್ಲಿ ಐದಾರು ಅದಾವ, ಎಲ್ಲಾ ಒಂದೇ ಬಣ್ಣ.

— ಅದೊಂದು ವಾಲ್ವಿಗೆ ಕೆಂಪು ಬಣ್ಣ ಬಳೀರಿ ಅಂತ ಹೇಳವ್ವಾ ಅವರಿಗೆ, ಇವತ್ತ ಹೇಳು. ಪಕ್ಕದಾಗ ಕನ್ನಡ, ಮರಾಠಿ, ಹಿಂದಿ ಮೂರೂ ಭಾಷಾದಾಗ ಬೋರ್ಡ್ ಹಾಕ್ಲಿ. ರಾತ್ರಿ ಪಾಳಿಯ ಪ್ರತಿಯೊಬ್ಬಾಂವ ಕತ್ತಲಿಯೊಳಗ ಹೋಗಿ ಒಮ್ಮೆ ತಿರುವಿ ಬರ್ಲಿ. ಟಾಕಿಯೊಳಗ ನೀರೈತೇನು ಅಂತ ದಿನಾ ನೋಡಿ ಸಹಿ ಮಾಡೋ ಒಂದು ವಹಿ ಇರ್ಲಿ. ಲಕ್ಷ ರೂಪಾಯಿ ಜನರೇಟರ್‌ಕಿಂತ ಮೊದಲ ಈ ಡಬ್ಬಿ ಪೇಂಟ್ ಬೇಕು.

— 2024ರ ಆಗಸ್ಟ್‌ದಾಗ ನಾವಗೆ ಊರಾಗ ಅಂಟುಪಟ್ಟಿ ಮಾಡೋ ಕಾರ್ಖಾನೆಗೆ ಬೆಂಕಿ ಬಿತ್ತಲ್ರೀ...

— ಹೌದವಾ. ಒಬ್ಬ ಕಾರ್ಮಿಕನ ಜೀವ ಹೋತು. ಫಾರ್ಮ್‌ನಾಗ ಬರಿಯೋ ಎಲ್ಲಾದಕ್ಕಿಂತ ಮೊದಲಿನ ಸಾಲು ಅದೇ ಇರಬೇಕು: ಒಳಗಿದ್ದವರು ಎಲ್ಲರೂ ಹೊರಗ ಬಂದಾರೇನು? ನಿಮ್ಮ ಹಾಜರಿ ವಹಿ ಎಲ್ಲಿರ್ತೈತಿ?

— ಒಳಗ, ಆಫೀಸಿನ್ಯಾಗ. ಗುತ್ತಿಗೆ ಹುಡುಗರ ಹೆಸರು ಗುತ್ತಿಗೆದಾರನ ಫೋನಿನಾಗ ಇರ್ತಾವ.

— ಗೇಟಿನ ಹತ್ರ ತರಬೇಕು ಅದನ್ನ. ಗುತ್ತಿಗೆಯವರು, ಲಾರಿ ಕ್ಲೀನರ್, ಚಾ ತರೋ ಹುಡುಗ, ಎಲ್ಲರ ಹೆಸರೂ. ಎಣಿಸಲಿಕ್ಕೆ ಪಟ್ಟಿನೇ ಇಲ್ಲದಿದ್ರ ಒಬ್ಬಾಂವ ಕಡಿಮಿ ಅದಾನ ಅಂತ ಅಗ್ನಿಶಾಮಕದವರಿಗೆ ಯಾರು ಹೇಳ್ತಾರ?

— ಗೇಟಿಗೆ ನಾಳೆನೇ ತರ್ತೀನಿ. ಇನ್ನೊಂದು ಮಾತು. ವಿಮಾ ಮಾಡಿಸೀವಲ್ಲ, ಅದು ಪ್ಲ್ಯಾನಿನ್ಯಾಗ ಬರೂದಿಲ್ಲೇನು?

— ಬರ್ತೈತಿ, ಆದ್ರ ಅದರ ಜಾಗಾ ಎಲ್ಲಿ ಅಂತ ಗೊತ್ತಿರಬೇಕು. 2019ರ ಆ ಮಳಿಯೊಳಗ ಬೆಳಗಾವಿಯ ವಡಗಾವಿ, ಖಾಸಬಾಗದ ನೇಕಾರರ ಮನಿಗಳಿಗೆ ನೀರು ಹೊಕ್ಕು ಮಗ್ಗ ಕೆಟ್ವು. ಮಗ್ಗ ಇದ್ದ ಕೋಣಿನೇ ಅವರ ಕಾರ್ಖಾನೆ, ಅದೇ ಅವರ ಮನಿ. ಮೋಟಾರಿಗೆ ನೀರು, ನೂಲಿಗೆ ಕೆಸರು, ಅರ್ಧ ನೇಯ್ದ ಸೀರಿ ಬೀಮ್ ಮ್ಯಾಲ. ಆ ನೂಲು ಸಾವಕಾರರದ್ದು. ಒಬ್ಬ ನೇಕಾರನೂ ಒಂದು ಸಂಸ್ಥೆನೇ ಅಂತ ನಾನು ತಿಳೀತೀನಿ, ಯಾಕಂದ್ರ ಅಂವ ನಿಂತ್ರ ಕಂಡಿಕಿ ಸುತ್ತೋ ಅಜ್ಜಿ, ಬಣ್ಣ ಹಾಕಾವ, ಅಂಗಡಿಯಾಂವ ಎಲ್ಲಾ ನಿಲ್ತಾರ. ಅಂಥವರಿಗೆ ಈ ನಲವತ್ತು ಪಾನಿನ ಫಾರ್ಮ್ ಯಾರೂ ಕಳಿಸೂದಿಲ್ಲ. ಕಳಿಸಬೇಕಾದ್ದು ಅವರಿಗೇ. ಅದರಾಗ ಬರಿಯೂದು ಇಷ್ಟ: ಮೋಟಾರ್ ಬಿಚ್ಚಿ ಅಟ್ಟಕ್ಕ ಏರಸಲಿಕ್ಕೆ ಎಷ್ಟು ಹೊತ್ತು, ಓಣಿಯೊಳಗ ಸ್ಪ್ಯಾನರ್ ಹಿಡಿಯಾವ್ರು ಎಷ್ಟು ಮಂದಿ, ಅಲ್ಲಿ ಹರಿಯೋ ಬಳ್ಳಾರಿ ನಾಲಾ ಏರೋದು ಯಾರು ನೋಡಿ ಕೂಗಬೇಕು. ಅವರ ಸಹಕಾರಿ ಸಂಘಗಳು ಕೂತು ಬರದ್ರ ಒಂದು ಪಾನಿನಾಗ ಮುಗೀತೈತಿ.

— ವಿಮಾ?

— ವಿಮಾ ಆದಮ್ಯಾಲ ಬರೋ ರೊಕ್ಕ. ಸರ್ವೇಯರ್ ಬರಬೇಕು, ಫೋಟೋ, ಬಿಲ್, ಕಾಗದ. ಅಷ್ಟರಾಗ ಗಿರಾಕಿ ಬ್ಯಾರೆ ಕಡೆ ಹೋಗಿರ್ತಾನ. ನಿನ್ನ ಪಾಲಿಸಿ ತಗದು ಓದು: ನೆರಿಗೆ ರಕ್ಷಣಾ ಐತೇನು, ಬ್ಯಾರೆಯವರ ಮಾಲು ನಿನ್ನ ಶಾಪಿನ್ಯಾಗ ಇದ್ರ ಅದಕ್ಕ ಐತೇನು. ಕೆಲಸ ನಿಂತಿದ್ದಕ್ಕ ಹೋದ ಲಾಭ ಸಾದಾ ಬೆಂಕಿ ಪಾಲಿಸಿಯೊಳಗ ಬರೂದಿಲ್ಲ, ಅದಕ್ಕ ಬ್ಯಾರೆ ತಗೋಬೇಕು.

— ಕಾಕಾ, ಪಂಪಿನ ಬಾಡಿ ಮಾಡೋ ನಮ್ಮ ಆ ಮಷೀನ್ ಸುಟ್ರ? ಅದು ಒಂದೇ ಐತಿ.

— ಜಪಾನಿನ ಒಂದು ಸುದ್ದಿ ಕೇಳು. 1997ರ ಫೆಬ್ರುವರಿ 1ಕ್ಕ ಕರಿಯಾ ಅನ್ನೋ ಊರಾಗ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ಬ್ರೇಕಿನ ಒಂದು ಸಣ್ಣ ವಾಲ್ವ್ ಮಾಡ್ತಿದ್ರು. ಟೊಯೊಟಾ ಗಾಡಿಗಳಿಗೆ ಹೆಚ್ಚುಕಡಿಮಿ ಎಲ್ಲಾ ಅಲ್ಲಿಂದಲೇ ಬರೂದು, ದಾಸ್ತಾನು ತಾಸಿನ ಲೆಕ್ಕದಾಗ ಇಡ್ತಿದ್ರು. ಟೊಯೊಟಾದ ಕಾರ್ಖಾನೆಗಳು ಸಾಲಾಗಿ ನಿಂತ್ವು. ಐಸಿನ್‌ನವರು ಡ್ರಾಯಿಂಗ್ ತಗದು ಕೇಳಿದವರಿಗೆಲ್ಲಾ ಕೊಟ್ರು. ಹೊಲಿಗೆ ಯಂತ್ರ ಮಾಡೋ ಬ್ರದರ್ ಕಂಪನಿ ಸಹಿತ ತನ್ನ ಮಷೀನ್ ಮ್ಯಾಲ ಆ ವಾಲ್ವ್ ಮಾಡ್ತು. ಒಂದು ವಾರದಾಗ ಹೆಚ್ಚಿನ ಲೈನ್ ಮತ್ತ ಓಡಿದ್ವು. ಉದ್ಯಮಬಾಗದಾಗ ಒಂದು ಕೂಗಳತಿಯೊಳಗ ಎಷ್ಟು ಸಿಎನ್‌ಸಿ ಅದಾವ?

— ಅದಾವ್ರಿ, ಆದ್ರ ಪಕ್ಕದವರಿಗೆ ನಮ್ಮ ಡ್ರಾಯಿಂಗ್ ಕೊಟ್ರ ಮರುವರ್ಷ ಅವರೇ ಕಡಿಮಿ ದರಕ್ಕ ಟೆಂಡರ್ ಹಾಕ್ತಾರ. ಜಪಾನಿನ ಮಾತು ಬ್ಯಾರೆ. ಅಲ್ಲಿ ಟೊಯೊಟಾ ನಡುವ ನಿಂತಿತ್ತು.

— ಪುಣೆದವರನ್ನ ನಡುವ ನಿಲ್ಲಿಸು. ಡ್ರಾಯಿಂಗ್ ಅವರದ್ದೇ ಅಲ್ಲೇನು? ಆಪತ್ತು ಬಂದ್ರ ಇಂಥವರ ಮಷೀನ್ ಮ್ಯಾಲ ಇಷ್ಟು ದಿನ ಮಾಡಿಸ್ತೀವಿ, ದರ ಇಷ್ಟು, ಆಮ್ಯಾಲ ಕೆಲಸ ನಮಗ ವಾಪಸ್ ಅಂತ ಮೂವರ ನಡುವ ಕರಾರು.

— ನನಗ ಇನ್ನೂ ಧೈರ್ಯ ಬರಲೊಲ್ಲದ್ರಿ.

— ಬರದಿದ್ರ ಅದನ್ನೂ ಫಾರ್ಮ್‌ನಾಗ ಖರೇ ಬರಿ: ಈ ಮಷೀನಿಗೆ ಬದಲಿ ಇಲ್ಲ, ಅದಕ್ಕ ಇಷ್ಟು ವಾರದ ಮಾಲು ಪುಣೆದಾಗ ಇಡ್ತೀವಿ. ಇಲ್ಲದ್ದನ್ನ ಐತಿ ಅಂತ ಬರದದ್ದು ಅಪಾಯ. 2021ರ ಏಪ್ರಿಲ್ 22ರಿಂದ ಒಂಬತ್ತು ಉದ್ಯಮ ಬಿಟ್ಟು ಉಳಿದ ಕಾರ್ಖಾನೆಗಳಿಗೆ ಆಕ್ಸಿಜನ್ ಕೊಡೂದು ಕೇಂದ್ರ ಸರ್ಕಾರ ನಿಲ್ಲಿಸ್ತು. ದವಾಖಾನಿಗೆ ಬೇಕಾಗಿತ್ತು, ಸರೀನೇ ಮಾಡಿದ್ರು. ಅವತ್ತು ಗ್ಯಾಸ್ ಕಟಿಂಗ್‌ಗೆ ಬದಲಿ ಏನೈತಿ ಅಂತ ಯೋಚನಾ ಮಾಡಿದ್ದವರು ಎಷ್ಟು ಮಂದಿ? ಅಂಥದ್ದು ಯಾವ ಫಾರ್ಮ್‌ನಾಗೂ ಇರಲಿಲ್ಲ. ಅದಕ್ಕ ನಾನು ಆಪತ್ತಿನ ಹೆಸರು ಎಣಿಸೂದಿಲ್ಲ. ರಸ್ತೆ ಇಲ್ಲ, ಕರೆಂಟ್ ಇಲ್ಲ, ಕಟ್ಟಡ ಇಲ್ಲ, ಮನುಷ್ಯಾ ಇಲ್ಲ ಅಂತ ಕೇಳ್ತೀನಿ. ಕಾರಣ ಏನರ ಇರವಲ್ಲದ್ಯಾಕ.

— ಮನುಷ್ಯಾ ಇಲ್ಲ ಅನ್ನೋದು ನಮಗ ಗೊತ್ತೈತಿ. ಅಪ್ಪ ಹೋದಾಗ ನೆರಿನೂ ಇರಲಿಲ್ಲ, ಬೆಂಕಿನೂ ಇರಲಿಲ್ಲ. ಮಾಲಕರ ಖಾತೆ ಅಂತ ಬ್ಯಾಂಕಿನವರು ಚೆಕ್ ತಗೊಳ್ಳಲಿಲ್ಲ. ಪಗಾರ ಕೊಡಲಿಕ್ಕೆ ಅವ್ವನ ಬಳಿ ಒತ್ತಿ ಇಟ್ವಿ. ಯಾವ ಪಾರ್ಟಿಯಿಂದ ಎಷ್ಟು ಬರಬೇಕು ಅನ್ನೋದು ಅಪ್ಪನ ತಲಿಯೊಳಗ ಇತ್ತು. ಒಬ್ಬ ಹಳೇ ಆಪರೇಟರ್ ಆ ತಿಂಗಳ ಬಿಟ್ಟು ಹೋದ, ಮತ್ತ ಬರಲಿಲ್ಲ.

— ಅದನ್ನೇ ನಾನು ಕೇಳಬೇಕಂತ ಬಂದದ್ದು, ಮಗಳ. ಈಗ ಚೆಕ್ಕಿಗೆ ಸಹಿ ಯಾರದು?

— ನಂದು.

— ಇನ್ನೊಬ್ಬರದು?

— ಇಲ್ಲ. ನಾನೊಬ್ಬಾಕಿನೇ. ಜಿಎಸ್‌ಟಿ ಪಾಸ್‌ವರ್ಡ್, ಕರೆಂಟ್ ಬಿಲ್ಲಿನ ಓಟಿಪಿ ಎಲ್ಲಾ ನನ್ನ ಫೋನಿಗೆ ಬರ್ತಾವ.

— ಮೇ ತಿಂಗಳದಾಗ ಒಂದಿನ, ಯಾರಿಗೂ ಹೇಳದ, ಬೆಳಿಗ್ಗೆ ಹತ್ತಕ್ಕ ಮೇನ್ ಸ್ವಿಚ್ ತಗಿ. ಸಂಜಿತನಕ ಕರೆಂಟ್ ಇಲ್ಲ, ನೆಟ್ ಇಲ್ಲ ಅಂತ ತಿಳಕೊಂಡು ಕೆಲಸ ನಡೀಲಿ. ಪುಣೆಗೆ ಲಾರಿ ಬಿಡೂದು, ಚಲನ್ ಕೈಲೆ ಬರಿಯೂದು, ಕಾರ್ಮಿಕರನ್ನ ಗೇಟಿನ ಹತ್ರ ಎಣಿಸೂದು. ಮತ್ತ ಸ್ವಿಚ್ ತಗದ ಮ್ಯಾಲ ಅವತ್ತು ನೀನು ಶಾಪಿನ್ಯಾಗ ಇರಬಾರದು. ಫೋನೂ ಎತ್ತಬಾರದು.

— ಅವತ್ತು ಯಾರಿಗಾದ್ರೂ ಪೇಮೆಂಟ್ ಕೊಡೋದಿದ್ರ?

— ಅದಕ್ಕ ಆ ದಿನಕ್ಕಿಂತ ಮೊದಲ ಬ್ಯಾಂಕಿಗೆ ಹೋಗು. ನೀನಿರೂತನಕ ನಿನ್ನ ಬದಲಿ ಸಹಿ ಮಾಡಲಿಕ್ಕೆ ಒಬ್ಬರಿಗೆ ಅಧಿಕಾರ ಕೊಡು. ಆದ್ರ ಒಬ್ಬರದೇ ಮಾಲಕಿ ಇದ್ದಲ್ಲಿ ಆ ಅಧಿಕಾರ ಮಾಲಕರ ಸಂಗಾಟನೇ ಹೋಗ್ತೈತಿ, ನಿಮ್ಮಪ್ಪನ ಸಲ ಆದಂಗ. ಅದಕ್ಕ ತಮ್ಮನ್ನ ಪಾಲುದಾರ ಮಾಡೋ ಕಾಗದ ಹೆಂಗ ಬರಿಯೂದು ಅಂತ ವಕೀಲರನ್ನ ಕೇಳು.

— ತಮ್ಮ ಇನ್ನೂ ಹುಬ್ಬಳ್ಳಿಯೊಳಗ ಓದ್ತಾನ. ಸಹಿಗೆ ಅವ್ವ ಆಗ್ತಾಳೇನ್ರಿ?

— ಅವ್ವ ಆಗ್ತಾಳ. ಆದ್ರ ಅವ್ವನಿಗೆ ಪಾರ್ಟಿಗಳ ಹೆಸರು, ಬಾಕಿ, ಯಾರಿಗೆ ಮೊದಲು ಕೊಡಬೇಕು, ಯಾರಿಗೆ ತಡದು ಕೊಟ್ರ ನಡೀತೈತಿ, ಇಷ್ಟು ಬರದು ಕೊಡಬೇಕು. ಪ್ರತಿ ಶನಿವಾರ ಹೊಸಾ ಪಟ್ಟಿ.

— ಈ ಶನಿವಾರದಿಂದ ಛಾಪಿಸ್ತೀನ್ರಿ. ಬ್ಯಾಂಕಿಗೆ ಸೋಮವಾರ ಅವ್ವನ್ನ ಕರಕೊಂಡು ಹೋಗ್ತೀನಿ, ನೀವೂ ಬರ್ರಿ.